ಓಡುತ್ತಿದ್ದಾಗಲೇ ಬಂದ್ ಬೀಳುವ ಹಳೆಯ ಕಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಎ-34, ಕೆಎ-36, ಕೆಎ-37 ನಂಬರಿನ ಹಳೆಯ ಮಾರುತಿ 800, ಓಮ್ನಿ, ಜೆನ್, ಸ್ಯಾಂಟ್ರೊ, ಇಂಡಿಕಾ, ಕ್ವಾಲಿಸ್‌ಗಳು ಬಳ್ಳಾರಿ, ರಾಯಚೂರು, ಕೊಪ್ಪಳದಲ್ಲಿ ಇವತ್ತಿಗೂ ದಿನದ ದುಡಿಮೆಗೆ ಓಡಾಡುತ್ತಿವೆ. ಪೂರ್ತಿ ಕೆಟ್ಟು ನಿಂತ ಗಾಡಿಯನ್ನು ಯಾವ ಮಿಸ್ತ್ರಿಯಾದರೂ ಸರಿ ಮಾಡುತ್ತಾನೆ. ಆಗಾಗ ಬಂದ್ ಬಿದ್ದು ತಾನಾಗಿಯೇ ಚಾಲೂ ಆಗುವ ಗಾಡಿ ಮಾತ್ರ ಮಾಲೀಕನನ್ನೂ ಮಿಸ್ತ್ರಿಯನ್ನೂ ಕಾಡಿಸುತ್ತದೆ. ಗ್ಯಾರೇಜಿಗೆ ಒಯ್ದರೆ ಚೆನ್ನಾಗಿಯೇ ಓಡುತ್ತದೆ. ಆಗ ಅಂದಾಜಿನ ಮೇಲೆ ಒಂದು ಕಾಯಿಲ್, ಒಂದು ಪಂಪು, ಒಂದು ಕಾರ್ಬ್ಯುರೇಟರ್ ಬದಲಿಸಿ, ಸಾವಿರಗಟ್ಟಲೆ ಖರ್ಚಾದ ಮೇಲೆಯೂ ಗಾಡಿ ಮತ್ತೆ ಅದೇ ರಸ್ತೆಯಲ್ಲಿ ನಿಲ್ಲುತ್ತದೆ. ನಮ್ಮ ಕಡೆಯ ಜನ ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಹೊಂಟ ಗಾಡಿ ಒಮ್ಮಿಂದೊಮ್ಮೆ ಬಂದ್ ಬೀಳ್ತದ, ಹತ್ತು-ಹದಿನೈದು ನಿಮಿಷ ಬಿಟ್ರ ತಾನ ಚಾಲೂ ಆಗ್ತದ. ಎಲ್ಲಿಂದ ಹುಡುಕೋದ್ರಿ?

ಅದು ಹೇಗೆ ನಿಂತಿತು ಎಂಬುದರಿಂದ ಶುರು ಮಾಡಿ. ಪೆಟ್ರೋಲ್ ಎಂಜಿನ್ ನಿಲ್ಲುವುದಕ್ಕೆ ಕಾರಣ ಬಹುತೇಕ ಎರಡೇ: ಪ್ಲಗ್ಗಿಗೆ ಕರೆಂಟ್ ತಪ್ಪಿರಬೇಕು, ಇಲ್ಲವೇ ಎಣ್ಣೆ (ಅಂದರೆ ಪೆಟ್ರೋಲ್) ತಪ್ಪಿರಬೇಕು. ಎರಡೂ ನಿಲ್ಲಿಸುವ ರೀತಿ ಬೇರೆ ಬೇರೆ. ಯಾರೋ ಕೀ ತಿರುಗಿಸಿ ಆಫ್ ಮಾಡಿದಂತೆ ಒಂದೇ ಕ್ಷಣಕ್ಕೆ ಸತ್ತರೆ ಮೊದಲ ಅನುಮಾನ ಕರೆಂಟಿನ ಮೇಲೆ. ಪಿಕಪ್ ಬಿದ್ದು, ಜರ್ಕ್ ಹೊಡೆದು, ರೇಸ್ ಕೊಟ್ಟರೂ ಏಳದೆ, ನಾಲ್ಕಾರು ಸೆಕೆಂಡು ಒದ್ದಾಡಿ ನಿಂತರೆ ಎಣ್ಣೆಯ ಮೇಲೆ.

ಡ್ಯಾಶ್‌ಬೋರ್ಡಿನಲ್ಲಿ ಆರ್‌ಪಿಎಂ ಮುಳ್ಳು (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವುದು) ಇದ್ದರೆ ಅದರಷ್ಟು ಒಳ್ಳೆಯ ಸಾಕ್ಷಿ ಇನ್ನೊಂದಿಲ್ಲ. ಎಂಜಿನ್ ಸತ್ತರೂ ಗಾಡಿ ಗಿಯರಿನಲ್ಲೇ ಉರುಳುತ್ತಿದ್ದರೆ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಆಗಲೂ ಮುಳ್ಳು ದಬಕ್ಕನೆ ಸೊನ್ನೆಗೆ ಬಿದ್ದರೆ ಕ್ರ್ಯಾಂಕ್ ಸೆನ್ಸರ್ (ಎಂಜಿನ್ ತಿರುಗುವುದನ್ನು ಗಾಡಿಯ ಕಂಪ್ಯೂಟರಿಗೆ ತಿಳಿಸುವ ಭಾಗ), ಇಗ್ನಿಷನ್‌ಗೆ (ಪ್ಲಗ್ಗಿಗೆ ಕಿಡಿ ಕೊಡುವ ವ್ಯವಸ್ಥೆಗೆ) ಬರುವ ಮುಖ್ಯ ವೈರು, ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಇವುಗಳ ಕಡೆ ನೋಡಬೇಕು. ಮುಳ್ಳು ಗಾಡಿಯ ವೇಗದ ಜೊತೆಗೇ ನಿಧಾನವಾಗಿ ಇಳಿದರೆ ಇಗ್ನಿಷನ್ ಬದುಕಿದೆ, ಎಣ್ಣೆ ಬರುತ್ತಿಲ್ಲ. ಮಾರುತಿ 800ರಂಥ ಗಾಡಿಯಲ್ಲಿ ಈ ಮುಳ್ಳು ಇರುವುದಿಲ್ಲ. ಅಲ್ಲಿ ವಾರ್ನಿಂಗ್ ಲೈಟು ನೋಡಿ. ಎಂಜಿನ್ ನಿಂತಾಗ ಆಯಿಲ್ ಮತ್ತು ಬ್ಯಾಟರಿ ಲೈಟು ಹತ್ತಿಕೊಂಡರೆ ಕೀ ದಾಟಿ ಕರೆಂಟ್ ಬರುತ್ತಿದೆ ಎಂದರ್ಥ. ಡ್ಯಾಶ್‌ಬೋರ್ಡೇ ಪೂರ್ತಿ ಕತ್ತಲಾದರೆ ಬ್ಯಾಟರಿ ಟರ್ಮಿನಲ್, ಮೇನ್ ಫ್ಯೂಸ್, ಇಗ್ನಿಷನ್ ಸ್ವಿಚ್ ಈ ಮೂರರಲ್ಲೇ ದೋಷವಿದೆ. ಪೆಟ್ರೋಲ್ ಪಂಪಿನ ತಂಟೆಗೆ ಹೋಗಲೇಬೇಡಿ.

ಇನ್ನೊಂದು ಮಾತು ಒತ್ತಿ ಹೇಳಬೇಕು. ನಿಂತ ಮೊದಲ ಎರಡು-ಮೂರು ನಿಮಿಷದಲ್ಲಿ ಮಾಡಿದ ಪರೀಕ್ಷೆಗೆ ಇರುವ ಬೆಲೆ ಗ್ಯಾರೇಜಿನಲ್ಲಿ ಅರ್ಧ ದಿನ ನೋಡಿದ್ದಕ್ಕೆ ಇರುವುದಿಲ್ಲ. ಗಾಡಿ ತಣ್ಣಗಾಗಿ ಚಾಲೂ ಆಯಿತೆಂದರೆ ದೋಷ ಮರೆಯಾಯಿತು. ಆದ್ದರಿಂದ ಏನು ನೋಡಬೇಕೆಂಬುದನ್ನು ಮನೆಯಲ್ಲೇ ಕಲಿತು, ಬೇಕಾದ ಎರಡು ಸಾಮಾನು ಡಿಕ್ಕಿಯಲ್ಲಿ ಇಟ್ಟುಕೊಂಡೇ ಹೊರಡಿ.

ಸರಿ, ನಿಂತ ಕೂಡ್ಲೆ ರಸ್ತಿ ಮ್ಯಾಲ ಏನೇನ ನೋಡಬೇಕು?

ಮೊದಲು ಜೀವ. ಹೊಸಪೇಟೆ-ಬಳ್ಳಾರಿ ನಡುವೆ ರಾಷ್ಟ್ರೀಯ ಹೆದ್ದಾರಿ 67ರಲ್ಲಿ ಹಿಂದೆ ಅದಿರು ಲಾರಿ ಬರುತ್ತಿರುವಾಗ ಎಂಜಿನ್ ಸತ್ತರೆ ಬ್ರೇಕನ್ನು ಪದೇ ಪದೇ ಒತ್ತಿ ಬಿಡಬೇಡಿ. ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಉಳಿದ ವ್ಯಾಕ್ಯೂಮ್ ಎರಡು-ಮೂರು ಒತ್ತಿಗೆ ಖಾಲಿಯಾಗುತ್ತದೆ, ಆಮೇಲೆ ಪೆಡಲ್ ಕಲ್ಲಿನಂತಾಗುತ್ತದೆ. ಒಂದೇ ಸಲ ಒತ್ತಿ ಹಿಡಿದು ಎಡಕ್ಕೆ ತನ್ನಿ. ಪವರ್ ಸ್ಟಿಯರಿಂಗ್ ಇದ್ದರೆ ಭಾರವಾಗುತ್ತದೆ, ಗಟ್ಟಿಯಾಗಿ ತಿರುಗಿಸಿ. ಗಾಡಿ ಪೂರ್ತಿ ನಿಲ್ಲುವ ತನಕ ಕೀ ಹೊರಗೆ ಎಳೆಯಬೇಡಿ, ಸ್ಟಿಯರಿಂಗ್ ಲಾಕ್ ಆಗುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿ, ಜನರನ್ನು ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ. ರಾಷ್ಟ್ರೀಯ ಹೆದ್ದಾರಿಯ ಸಹಾಯವಾಣಿ 1033.

ಇಷ್ಟಾದ ಮೇಲೆ ಎಂಜಿನ್. ಎಂಪಿಎಫ್‌ಐ ಗಾಡಿಯಾದರೆ (ಅಂದರೆ ಕಾರ್ಬ್ಯುರೇಟರ್ ಬದಲು ಕಂಪ್ಯೂಟರ್ ನಡೆಸುವ ಇಂಜೆಕ್ಟರುಗಳಿಂದ ಪೆಟ್ರೋಲ್ ಚಿಮ್ಮಿಸುವ ಗಾಡಿ) ರೇಡಿಯೊ, ಎಸಿ ಫ್ಯಾನ್ ಆಫ್ ಮಾಡಿ ಕೀ ಆನ್ ಮಾಡಿ. ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡು ‘ಗುಂಯ್’ ಎಂಬ ಸದ್ದು ಬರಬೇಕು; ಅದು ಟ್ಯಾಂಕಿನೊಳಗಿನ ಪಂಪು. ಸದ್ದೇ ಇಲ್ಲದಿದ್ದರೆ ಫ್ಯೂಸ್, ರಿಲೇ, ಪಂಪಿನ ಅರ್ತ್ (ನೆಗೆಟಿವ್ ವೈರು), ಕೊನೆಗೆ ಪಂಪು. ಸದ್ದು ಬಂತೆಂದ ಮಾತ್ರಕ್ಕೆ ಪಂಪು ಸರಿ ಎಂದಲ್ಲ. ತಿರುಗುತ್ತದೆ ಎಂದಷ್ಟೇ ಗೊತ್ತಾಯಿತು.

ಆಮೇಲೆ ಕರೆಂಟ್. ಒಂದು ಒಳ್ಳೆಯ ಹಳೆಯ ಪ್ಲಗ್ ಜೊತೆಗಿರಲಿ. ಒಂದು ಸಿಲಿಂಡರಿನ ವೈರು ಕಳಚಿ ಆ ಪ್ಲಗ್ಗಿಗೆ ಸಿಕ್ಕಿಸಿ, ಪ್ಲಗ್ಗಿನ ಲೋಹದ ಮೈ ಎಂಜಿನ್ ಬ್ಲಾಕಿಗೆ ಗಟ್ಟಿಯಾಗಿ ತಾಗುವಂತೆ ಇಟ್ಟು, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. ನೀಲಿ ಕಿಡಿ ಟಪ್ ಟಪ್ ಎಂದು ಬಂದರೆ ಇಗ್ನಿಷನ್ ಬದುಕಿದೆ. ಪೆಟ್ರೋಲ್ ವಾಸನೆ ಇರುವಲ್ಲಿ, ಪೈಪು ಕಳಚಿಟ್ಟಿರುವಾಗ ಇದನ್ನು ಮಾಡಲೇಬೇಡಿ. ವೈರನ್ನು ಗಾಳಿಯಲ್ಲಿ ಬಿಟ್ಟು ಕಿಡಿ ಹಾರಿಸುವ ಹಳೆಯ ಪದ್ಧತಿ ಎಂಪಿಎಫ್‌ಐ ಗಾಡಿಗೆ ಬೇಡ, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲೂ ಅದನ್ನು ನಡೆಸುವ ಇಗ್ನೈಟರೂ ಸುಟ್ಟಾವು.

ಕಾರ್ಬ್ಯುರೇಟರ್ ಗಾಡಿಯಲ್ಲಿ ಎಣ್ಣೆ ನೋಡುವುದು ಇನ್ನೂ ಸುಲಭ. ಏರ್ ಫಿಲ್ಟರ್ ಡಬ್ಬಿಯ ಮುಚ್ಚಳ ತೆಗೆದು, ಎಂಜಿನ್ ಆಫ್ ಇರುವಾಗಲೇ ಆಕ್ಸಿಲರೇಟರ್ ಎಳೆದರೆ ಕಾರ್ಬ್ಯುರೇಟರಿನ ಬಾಯೊಳಗೆ ಸಣ್ಣ ಪಿಚಕಾರಿಯಂತೆ ಪೆಟ್ರೋಲ್ ಚಿಮ್ಮಬೇಕು. ಚಿಮ್ಮದಿದ್ದರೆ ಕಾರ್ಬ್ಯುರೇಟರಿನೊಳಗೆ ಪೆಟ್ರೋಲ್ ನಿಲ್ಲುವ ಬಟ್ಟಲು ಒಣಗಿದೆ.

ಕಂಡದ್ದನ್ನು ಫೋನಿನಲ್ಲಿ ಅಲ್ಲೇ ಬರೆದಿಡಿ: ಎಷ್ಟು ದೂರ ಓಡಿತ್ತು, ಎಸಿ ಇತ್ತೇ, ಟ್ಯಾಂಕಿನಲ್ಲಿ ಎಷ್ಟಿತ್ತು, ಕಿಡಿ ಬಂತೇ, ಪಂಪು ಕೂಗಿತೇ. ನಾಲ್ಕು ಸಲ ಬರೆದಿಟ್ಟರೆ ದೋಷದ ಸ್ವಭಾವ ತಾನೇ ಹೊರಬೀಳುತ್ತದೆ.

ಏಪ್ರಿಲ್-ಮೇ ಬಿಸಿಲಿಗೇ ಹಿಂಗಾಗ್ತದ, ಮುಂಜಾನಿ ಏನೂ ತೊಂದ್ರಿ ಇಲ್ಲ. ಇದು ಬಿಸಿಲಿನ ಕಾಟ ಏನ್ರಿ?

ಬಿಸಿಲು ಕಾರಣವೇ, ಆದರೆ ಅದು ಕೆಡಿಸುವುದು ಯಾವುದನ್ನು ಎಂಬುದು ಗಾಡಿಯ ಮೇಲೆ ನಿಂತಿದೆ. ರಾಯಚೂರಿನಲ್ಲಿ ಉಷ್ಣಾಂಶ 40 ಡಿಗ್ರಿ ದಾಟಿದ ದಿನ ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು ಕಾವು ಇರುತ್ತದೆ. ಓಮ್ನಿಯಲ್ಲಂತೂ ಎಂಜಿನ್ ಮುಂದಿನ ಸೀಟಿನ ಕೆಳಗೇ ಇದೆ, ಗಾಳಿ ಆಡುವುದು ಕಡಿಮೆ.

ಕಾರ್ಬ್ಯುರೇಟರ್ ಗಾಡಿಗಳಲ್ಲಿ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ, ಪೆಟ್ರೋಲನ್ನು ಟ್ಯಾಂಕಿನಿಂದ ಹೀರಿಕೊಳ್ಳುತ್ತದೆ. ಪೈಪಿನಲ್ಲೇ ಪೆಟ್ರೋಲ್ ಆವಿಯಾದರೆ ಪಂಪು ಆವಿಯನ್ನೇ ಹಿಸುಕುತ್ತದೆ, ಎಣ್ಣೆ ಮುಂದೆ ಸಾಗುವುದಿಲ್ಲ. ಇದೇ ವೇಪರ್ ಲಾಕ್. ಪರೀಕ್ಷೆ ಸರಳ: ನಿಂತ ಕೂಡಲೇ ಒದ್ದೆ ಬಟ್ಟೆಯನ್ನು ಪಂಪಿನ ಮೇಲೂ ಅದಕ್ಕೆ ಬರುವ ಪೈಪಿನ ಮೇಲೂ ಸುತ್ತಿ ಸ್ವಲ್ಪ ಹೊತ್ತು ಬಿಡಿ. ಬಿಸಿ ಸೈಲೆನ್ಸರ್ ಪೈಪಿಗೆ ನೀರು ತಾಗದಿರಲಿ. ಬರೀ ಕಾಯುವುದಕ್ಕಿಂತ ಬಹಳ ಬೇಗ ಚಾಲೂ ಆದರೆ ಉತ್ತರ ಸಿಕ್ಕಿತು. ಪೈಪು ಎಂಜಿನ್ ಮೈಗೆ ತಾಗಿಕೊಂಡಿದೆಯೇ, ಶಾಖ ತಡೆಯುವ ತಗಡನ್ನು ಹಿಂದೆ ಯಾರಾದರೂ ಬಿಚ್ಚಿ ಎಸೆದಿದ್ದಾರೆಯೇ ನೋಡಿ. ಆ ತಗಡು ಮತ್ತೆ ಕೂರಿಸಿದ ಮೇಲೆ ಸರಿಹೋದ ಗಾಡಿಗಳು ಹಲವು.

ಎಂಪಿಎಫ್‌ಐ ಗಾಡಿಗೆ ವೇಪರ್ ಲಾಕ್ ಎಂದು ಯಾರಾದರೂ ಹೇಳಿದರೆ ಸುಲಭಕ್ಕೆ ಒಪ್ಪಬೇಡಿ. ಅಲ್ಲಿ ಪಂಪು ಟ್ಯಾಂಕಿನಲ್ಲೇ ಇದೆ, ಪೆಟ್ರೋಲ್ ಸುಮಾರು 3 ಬಾರ್ ಒತ್ತಡದಲ್ಲಿ ಬರುತ್ತದೆ. ಅಷ್ಟು ಒತ್ತಡದಲ್ಲಿ ಆವಿಯಾಗುವುದು ಅಪರೂಪ. ಅಲ್ಲಿ ಕಾವಿಗೆ ಕೈಕೊಡುವುದು ಸಾಮಾನ್ಯವಾಗಿ ಕ್ರ್ಯಾಂಕ್ ಸೆನ್ಸರ್, ಕೆಲವು ಗಾಡಿಗಳಲ್ಲಿ ಕ್ಯಾಮ್ ಸೆನ್ಸರ್, ಇಗ್ನಿಷನ್ ಕಾಯಿಲ್ ಅಥವಾ ಇಗ್ನೈಟರ್. ಸೆನ್ಸರಿನೊಳಗೆ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿ ಇರುತ್ತದೆ. ಎಲ್ಲೋ ಒಂದೆಡೆ ಬಿರುಕು ಬಿಟ್ಟಿದ್ದರೆ ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿರುತ್ತವೆ, ಕಾದಾಗ ಬಿಟ್ಟುಕೊಳ್ಳುತ್ತವೆ. ಹತ್ತು-ಹದಿನೈದು ನಿಮಿಷದ ಲೆಕ್ಕ ಬರುವುದೇ ಇಲ್ಲಿಂದ. ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಸ್ವಲ್ಪವೂ ಅಲುಗದೆ ಸೊನ್ನೆಯಲ್ಲೇ ಇದ್ದು, ಕಿಡಿಯೂ ಬರದಿದ್ದರೆ ಇದರ ಮೇಲೆ ಬಲವಾದ ಅನುಮಾನ ಇಡಬಹುದು. ಎರಡು ವೈರಿನ ಸುರುಳಿ ಸೆನ್ಸರ್ ಆದರೆ ತಣ್ಣಗಿದ್ದಾಗ ಒಮ್ಮೆ, ನಿಂತಾಗ ಒಮ್ಮೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ. ಬಿಸಿಯಲ್ಲಿ ಸಂಪರ್ಕವೇ ಇಲ್ಲ ಎಂದು ತೋರಿಸಿದರೆ ಬದಲಿಸಿ. ಮೂರು ವೈರಿನ ಹಾಲ್ ಸೆನ್ಸರಿಗೆ ಈ ಅಳತೆ ನಡೆಯುವುದಿಲ್ಲ, ಅದಕ್ಕೆ ಆಸಿಲೋಸ್ಕೋಪ್ (ಸಿಗ್ನಲನ್ನು ಗೆರೆಯಾಗಿ ತೋರಿಸುವ ಯಂತ್ರ) ಇರುವ ಎಲೆಕ್ಟ್ರಿಷಿಯನ್ ಬೇಕು.

ಓಡುವಾಗ ಚಲೋ ಓಡ್ತದ. ನಿಂತಾಗ, ಗದ್ದಲದಾಗ, ಎಸಿ ಹಾಕಿದಾಗ ಬಂದ್ ಬೀಳ್ತದ. ಯಾಕ?

ಇದು ಐಡ್ಲಿಂಗ್ ದೋಷ, ಅಂದರೆ ರೇಸ್ ಕೊಡದೆ ಎಂಜಿನ್ ತಾನೇ ನಿಧಾನವಾಗಿ ಓಡುವಾಗಿನ ದೋಷ. ಮೇಲಿನ ಸೆನ್ಸರುಗಳಿಗೂ ಇದಕ್ಕೂ ಸಂಬಂಧವಿಲ್ಲ. ಕೊಪ್ಪಳದಲ್ಲಿ ಗವಿಸಿದ್ಧೇಶ್ವರ ಜಾತ್ರೆಯ ದಿನಗಳಲ್ಲಿ ಒಂದೊಂದೇ ಗಜ ಸರಿಯುವಾಗ ಹೊರಬೀಳುವ ಕಾಯಿಲೆ ಇದೇ. ಎಂಪಿಎಫ್‌ಐನಲ್ಲಿ ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲಿನ) ಅಂಚಿಗೆ ಕಪ್ಪು ಕಿಟ್ಟ ಕಟ್ಟಿ, ಐಡ್ಲಿಂಗ್‌ಗೆ ಬೇಕಾದ ಗಾಳಿ ಒಳಗೆ ಹೋಗುವುದಿಲ್ಲ. ಎಸಿ ಕಂಪ್ರೆಸರ್ ‘ಟಕ್’ ಎಂದು ಹಿಡಿದ ಕ್ಷಣ ಎಂಜಿನ್ ಆ ಭಾರ ತಾಳಲಾರದು. ಥ್ರಾಟಲ್ ಬಾಡಿ ಬಿಚ್ಚಿ ಕ್ಲೀನರ್ ಹಾಕಿ ತೊಳೆಸಿ, ಐಡಲ್ ಕಂಟ್ರೋಲ್ ವಾಲ್ವನ್ನೂ ತೊಳೆಸಿ. ಮ್ಯಾನಿಫೋಲ್ಡಿಗೆ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗೆ) ಹೋಗುವ ಸಣ್ಣ ರಬ್ಬರ್ ಪೈಪುಗಳು ನಮ್ಮ ಬಿಸಿಲಿಗೆ ಒಣಗಿ ಸೀಳಿರುತ್ತವೆ, ಒಂದೊಂದನ್ನೂ ಬೆರಳಿನಲ್ಲಿ ಬಾಗಿಸಿ ನೋಡಿ.

ಕಾರ್ಬ್ಯುರೇಟರಿನಲ್ಲಿ ಜನ ನೇರವಾಗಿ ಸ್ಲೋ ಸೆಟ್ಟಿಂಗ್ ಸ್ಕ್ರೂ ತಿರುಗಿಸುತ್ತಾರೆ. ಅದಕ್ಕೂ ಮೊದಲು ಕಾರ್ಬ್ಯುರೇಟರಿಗೆ ಕೂರಿಸಿರುವ ಸೊಲೆನಾಯ್ಡ್ ವಾಲ್ವಿನ (ಕರೆಂಟ್ ಬಂದಾಗ ತೆರೆಯುವ ವಾಲ್ವಿನ) ವೈರು ನೋಡಿ. ಕೀ ಆನ್ ಮಾಡಿದಾಗ ಅದು ‘ಕ್ಲಿಕ್’ ಎನ್ನಬೇಕು. ಅದರ ವೈರು ಸಡಿಲವಿದ್ದರೆ ರೇಸ್ ಕೊಟ್ಟಾಗ ಓಡುತ್ತದೆ, ಕಾಲು ತೆಗೆದ ತಕ್ಷಣ ನಿಲ್ಲುತ್ತದೆ. ಒಂದು ಟರ್ಮಿನಲ್ ಬಿಗಿ ಮಾಡುವ ಕೆಲಸಕ್ಕೆ ಹೊಸ ಕಾರ್ಬ್ಯುರೇಟರ್ ಖರೀದಿಸಬಾರದು.

ಗುಂಡಿ, ಹಂಪ್ ದಾಟುವಾಗ ಒಮ್ಮೊಮ್ಮೆ ಬಂದ್ ಬೀಳ್ತದ, ಮತ್ತ ಕೂಡ್ಲೆ ಚಾಲೂ.

ಲೂಸ್ ಕನೆಕ್ಷನ್. ಇದು ಕೇಳಲು ಚಿಕ್ಕದು, ಹುಡುಕಲು ತಾಳ್ಮೆ ಬೇಕು. ಹಳೆಯ ಗಾಡಿಗಳ ಇಂಥ ದೋಷಗಳಲ್ಲಿ ನಾನು ಮೊದಲು ಕೈ ಹಾಕುವುದು ಇಲ್ಲಿಗೇ, ಯಾಕೆಂದರೆ ಇದಕ್ಕೆ ಖರ್ಚು ಇಲ್ಲವೇ ಇಲ್ಲ ಎನ್ನಬಹುದು.

ಬ್ಯಾಟರಿ ಟರ್ಮಿನಲ್ಲನ್ನು ಕೈಯಲ್ಲಿ ತಿರುಗಿಸಿ, ಅಲುಗಿದರೆ ಬಿಗಿಯಿಲ್ಲ. ಬಿಳಿ-ಹಸಿರು ಬೂಷ್ಟು ಕಟ್ಟಿದ್ದರೆ ಬಿಸಿನೀರಿನಲ್ಲಿ ತೊಳೆದು, ಒಳಮೈ ಹೊಳೆಯುವ ತನಕ ಎಮರಿ ಪೇಪರಿನಲ್ಲಿ ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲಿನ್ ಸವರಿ. ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ಪಟ್ಟಿ ಕೆಂಪು ಧೂಳು ಮತ್ತು ಎಣ್ಣೆ ಸೇರಿ ಗಟ್ಟಿಯಾದ ಪದರದಡಿ ಮುಚ್ಚಿಹೋಗಿರುತ್ತದೆ. ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆ ಓಡುವ ಗಾಡಿಗಳಲ್ಲಿ ಇದನ್ನು ಕೆರೆದು ತೆಗೆದ ಮೇಲೆಯೇ ಪಟ್ಟಿಯ ಎಳೆಗಳು ಅರ್ಧ ಹರಿದಿರುವುದು ಕಾಣುವುದು. ಮಲ್ಟಿಮೀಟರಿನ ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಯಿರಿ. 0.5 ವೋಲ್ಟಿಗಿಂತ ಹೆಚ್ಚು ತೋರಿದರೆ ಅರ್ತ್ ಕೆಟ್ಟಿದೆ. ಅದೇ ಮೀಟರಿನಲ್ಲಿ ಬ್ಯಾಟರಿಯನ್ನೂ ನೋಡಿ: ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸುಮಾರು 12.6, ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು.

ಮುಂದೆ ಇಗ್ನಿಷನ್ ಸ್ವಿಚ್. ಮನೆ, ಅಂಗಡಿ, ಗೋದಾಮಿನ ಕೀಗಳನ್ನೆಲ್ಲ ಒಂದೇ ಗೊಂಚಲು ಮಾಡಿ ಕಾರಿನ ಕೀಗೆ ನೇತುಹಾಕುವವರು ಬಹಳ. ಆ ಭಾರ ವರ್ಷಗಟ್ಟಲೆ ಜೋಲಿ ಹೊಡೆದು ಸ್ವಿಚ್ಚಿನ ಒಳಗಿನ ಸಂಪರ್ಕ ಸವೆಯುತ್ತದೆ. ಗಾಡಿ ನಿಲ್ಲಿಸಿ ಎಂಜಿನ್ ಚಾಲೂ ಇಟ್ಟು ಕೀಯನ್ನು ಮೆಲ್ಲಗೆ ಅಲುಗಾಡಿಸಿ. ಎಂಜಿನ್ ತಡವರಿಸಿದರೆ ಕಳ್ಳ ಸಿಕ್ಕಿದ. ಹೀಗೆಯೇ ಫ್ಯೂಸ್ ಪೆಟ್ಟಿಗೆಯನ್ನೂ, ಕಾಯಿಲ್ ಮತ್ತು ಸೆನ್ಸರಿನ ಕಪ್ಲರುಗಳನ್ನೂ (ವೈರು ಸಿಕ್ಕಿಸುವ ಜೋಡಣೆಗಳನ್ನೂ) ಒಂದೊಂದಾಗಿ ಅಲುಗಿಸುತ್ತಾ ಬನ್ನಿ. ಬೆಲ್ಟು, ಫ್ಯಾನಿನಿಂದ ಕೈ ದೂರವಿರಲಿ.

ರಿಲೇಯನ್ನು ಬಿಚ್ಚಿ ಒಳಗೆ ನೋಡಿದವರು ಕಡಿಮೆ. ಮುಚ್ಚಳ ತೆಗೆದು, ಬೋರ್ಡಿನ ಹಿಂಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲಿನಷ್ಟು ತೆಳುವಾದ ಕಪ್ಪು ಉಂಗುರ ಕಂಡರೆ ಅದೇ ಬಿರುಕು. ಕಾದಾಗಲೋ ಕುಲುಕಿದಾಗಲೋ ಅದು ಬಿಟ್ಟುಕೊಳ್ಳುತ್ತದೆ. ಟಿವಿ ರಿಪೇರಿ ಮಾಡುವವರ ಹತ್ತಿರ ಬೆಸುಗೆ ಹಾಕಿಸಿದರೂ ನಡೆಯುತ್ತದೆ, ಹೊಸದನ್ನೇ ಹಾಕಿದರೆ ಇನ್ನೂ ಒಳ್ಳೆಯದು.

ಹೊರಗಿನ ಅಂಗಡಿಯಲ್ಲಿ ಹಾಕಿಸಿದ ಸೆಕ್ಯುರಿಟಿ ಅಲಾರಂ ಇದ್ದರೆ ಅದನ್ನು ಮರೆಯಬೇಡಿ. ಕಳ್ಳರಿಂದ ಕಾಯಲೆಂದು ಅದು ಇಗ್ನಿಷನ್ ವೈರನ್ನು ಕತ್ತರಿಸಿ ನಡುವೆ ತನ್ನದೊಂದು ರಿಲೇ ಸೇರಿಸಿರುತ್ತದೆ. ಇನ್ಸುಲೇಷನ್ ಟೇಪ್ ಸುತ್ತಿದ ಆ ಜಾಯಿಂಟೇ ಎಷ್ಟೋ ಸಲ ಬಿಸಿಲಿಗೆ ಬಿಚ್ಚಿಕೊಂಡಿರುತ್ತದೆ.

ಮಿಸ್ತ್ರಿ ಪೆಟ್ರೋಲ್ ಪಂಪ್ ಹೋಗ್ಯದ, ಬದಲಿಸಬೇಕು ಅಂತಾನ. ಬದಲಿಸಲಿ ಏನ್ರಿ?

ಒತ್ತಡ ಅಳೆದು ತೋರಿಸಿದನೇ ಎಂದು ಕೇಳಿ. ಗೇಜ್ ಕಟ್ಟಿ, ಗಾಡಿ ನಿಲ್ಲುವ ಹೊತ್ತಿಗೆ ಒತ್ತಡ ಬಿದ್ದದ್ದು ಕಂಡರೆ ಮಾತು ಸರಿ. ಆಗಲೂ ಪಂಪಿನ ಕಪ್ಲರಿನಲ್ಲಿ ಪೂರ್ತಿ ವೋಲ್ಟೇಜ್ ಬರುತ್ತಿದೆಯೇ ಎಂದು ನೋಡಲೇಬೇಕು. ಅರ್ತ್ ಸಡಿಲವಿದ್ದು ಪಂಪಿಗೆ 9-10 ವೋಲ್ಟ್ ಮಾತ್ರ ಸಿಗುತ್ತಿದ್ದರೆ ಹೊಸ ಪಂಪೂ ಹಾಗೆಯೇ ಸೋಲುತ್ತದೆ. ಫಿಲ್ಟರ್ ಎಷ್ಟು ವರ್ಷದಿಂದ ಬದಲಾಗಿಲ್ಲ ಎಂಬುದೂ ಲೆಕ್ಕಕ್ಕೆ ಬರಲಿ.

ಇನ್ನೊಂದು ಪರೀಕ್ಷೆ ಬಿಟ್ಟಿಯಾಗಿದೆ. ಗಾಡಿ ನಿಂತಾಗ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತೆರೆಯಿರಿ. ‘ಸುಸ್ಸ್’ ಎಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಗಾಡಿ ಚಾಲೂ ಆದರೆ ಮುಚ್ಚಳದ ಗಾಳಿ ರಂಧ್ರ ಧೂಳಿನಿಂದ ಮುಚ್ಚಿದೆ. ಎಣ್ಣೆ ಖಾಲಿಯಾದಷ್ಟು ಗಾಳಿ ಒಳಗೆ ಬರದಿದ್ದರೆ ಪಂಪು ಎಷ್ಟು ಹೊತ್ತು ಎಳೆದೀತು? ಅರ್ಧ-ಮುಕ್ಕಾಲು ಗಂಟೆ ಓಡಿದ ಮೇಲೆಯೇ ನಿಲ್ಲುವ ಗಾಡಿಯಲ್ಲಿ ಇದನ್ನು ಮೊದಲು ನೋಡಿ.

ಟ್ಯಾಂಕನ್ನು ಸದಾ ರಿಸರ್ವಿನಲ್ಲೇ ಓಡಿಸುವ ಅಭ್ಯಾಸ ಬಿಡಿ. ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಸುತ್ತಲಿನ ಪೆಟ್ರೋಲೇ. ಕಾಲು ಟ್ಯಾಂಕಿಗಿಂತ ಕೆಳಗಿಳಿಸದಿದ್ದರೆ ನಮ್ಮ ಬೇಸಿಗೆಯಲ್ಲಿ ಪಂಪಿನ ಬಾಳಿಕೆ ಹೆಚ್ಚುತ್ತದೆ.

ಕೊನೆಯದಾಗಿ, ರಿಲೇ ತಪ್ಪಿಸಿ ಪಂಪಿಗೆ ಬ್ಯಾಟರಿಯಿಂದ ಡೈರೆಕ್ಟ್ ವೈರ್ ಕೊಡುವ ಉಪಾಯಕ್ಕೆ ಯಾವ ಕಾರಣಕ್ಕೂ ಒಪ್ಪಬೇಡಿ. ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲಬೇಕೆಂದೇ ಆ ರಿಲೇ ಇರುವುದು. ಅಪಘಾತದಲ್ಲಿ ಪೈಪು ಒಡೆದರೆ ಡೈರೆಕ್ಟ್ ಕೊಟ್ಟ ಪಂಪು ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಒಳಗೆ ಮನೆಮಂದಿ ಇರುತ್ತಾರೆ.

ಪೆಟ್ರೋಲಿನ್ಯಾಗ ನೀರು ಅದನೋ ಏನೋ ಅಂತ ಅನುಮಾನ. ಹ್ಯಾಂಗ ತಿಳೀತದ?

ಫಿಲ್ಟರಿಗೆ ಬರುವ ಪೈಪಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು, ಎಂಜಿನ್ನಿನಿಂದ ದೂರ, ನೆರಳಿನಲ್ಲಿ ಇಟ್ಟು ನೋಡಿ. ನೀರು ಹೆಚ್ಚಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ, ತುಕ್ಕಿದ್ದರೆ ಕಂದು ಪುಡಿ ಕೂರುತ್ತದೆ. ಈಗ ಬಂಕಿನಲ್ಲಿ ಸಿಗುವ ಇ20 ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯಲ್ಲಿ ಅರ್ಧ ಟ್ಯಾಂಕ್ ಬಿಟ್ಟು ಮರೆಯಬೇಡಿ. ಹಳೆಯ ಗಾಡಿಗಳ ರಬ್ಬರ್ ಪೈಪು, ವಾಷರುಗಳು ಇಷ್ಟು ಎಥನಾಲಿಗೆಂದು ಮಾಡಿದವಲ್ಲ. ಅವು ಮೆತ್ತಗಾಗಿವೆಯೇ, ಬಿರಿದಿವೆಯೇ ಎಂದು ಪ್ರತಿ ಸರ್ವಿಸಿನಲ್ಲಿ ನೋಡಿಸಿ.

ಓಮ್ನಿಗೆ ಗ್ಯಾಸ್ ಕಿಟ್ ಅದ.

ಹಾಗಿದ್ದರೆ ಅರ್ಧ ಕೆಲಸ ಕಡಿಮೆಯಾಯಿತು. ಎರಡು-ಮೂರು ದಿನ ಬರೀ ಪೆಟ್ರೋಲಿನಲ್ಲಿ ಓಡಿಸಿ. ಗ್ಯಾಸಿನಲ್ಲಿ ಮಾತ್ರ ನಿಂತರೆ ಗ್ಯಾಸಿನ ಒತ್ತಡ ಇಳಿಸುವ ರೆಡ್ಯೂಸರ್, ಸೊಲೆನಾಯ್ಡ್ ವಾಲ್ವ್, ಗ್ಯಾಸ್ ಫಿಲ್ಟರ್ ನೋಡಿಸಿ. ಎರಡರಲ್ಲೂ ನಿಂತರೆ ಎಣ್ಣೆಯ ಮೇಲಿನ ಅನುಮಾನ ಬಿಟ್ಟು ಕರೆಂಟಿನ ಕಡೆ ಹೋಗಿ. ಗ್ಯಾಸ್ ವಾಸನೆ ಬಂದರೆ ಪರೀಕ್ಷೆ ಗಿರೀಕ್ಷೆ ಬೇಡ, ಸಿಲಿಂಡರಿನ ವಾಲ್ವ್ ಬಂದ್ ಮಾಡಿ, ಎಲ್ಲರನ್ನೂ ಇಳಿಸಿ ದೂರ ಹೋಗಿ.

ನಮ್ದು ಡೀಸೆಲ್ ಗಾಡಿ. ಇದೆಲ್ಲ ನಮಗ ಹತ್ತೂದಿಲ್ಲೇನು?

ಕಿಡಿಯ ಮಾತು ಹತ್ತುವುದಿಲ್ಲ; ಅರ್ತ್, ಇಗ್ನಿಷನ್ ಸ್ವಿಚ್ಚಿನ ಮಾತು ಹತ್ತುತ್ತದೆ. ರೋಟರಿ ಪಂಪಿನ ಹಳೆಯ ಡೀಸೆಲ್ಲುಗಳಲ್ಲಿ ಪಂಪಿನ ಮೇಲೆ ಸ್ಟಾಪ್ ಸೊಲೆನಾಯ್ಡ್ ಇರುತ್ತದೆ. ಅದಕ್ಕೆ 12 ವೋಲ್ಟ್ ಬರುತ್ತಿರುವ ತನಕ ಎಣ್ಣೆ ದಾರಿ ತೆರೆದಿರುತ್ತದೆ. ಅದರ ತಲೆಯ ಮೇಲಿನ ಒಂದೇ ಒಂದು ವೈರು ಅಲುಗಿದರೆ ಎಂಜಿನ್ ಬಂದ್. ಮೊದಲು ಅದನ್ನು ಬಿಗಿ ಮಾಡಿ.

ಒದ್ದಾಡಿ ನಿಲ್ಲುವುದಾದರೆ ಎಣ್ಣೆಯ (ಡೀಸೆಲ್) ಪೈಪಿಗೆ ಗಾಳಿ ಸೇರುತ್ತಿರಬಹುದು. ಹೊರಗೆ ಡೀಸೆಲ್ ಸೋರದಿದ್ದರೂ ಗಾಳಿ ಒಳಗೆ ಹೋಗಬಹುದು, ಯಾಕೆಂದರೆ ಟ್ಯಾಂಕಿನಿಂದ ಪಂಪಿನ ತನಕ ಎಣ್ಣೆ ಹೀರುವಿಕೆಯಿಂದಲೇ ಬರುತ್ತದೆ. ಪಂಪಿನ ಮುಂಚೆ ಒಂದು ಗೇಣು ಪಾರದರ್ಶಕ ಪೈಪು ಜೋಡಿಸಿ ಎಂಜಿನ್ ಓಡಿಸಿ. ಗುಳ್ಳೆಗಳು ಸಾಲಾಗಿ ಬಂದರೆ ಅಲ್ಲಿಂದ ಟ್ಯಾಂಕಿನ ಕಡೆಗೆ ಒಂದೊಂದೇ ಜಾಯಿಂಟು, ಬ್ಯಾಂಜೊ ಬೋಲ್ಟಿನ (ಪೈಪು ಕೂರಿಸುವ ಟೊಳ್ಳು ಬೋಲ್ಟಿನ) ತಾಮ್ರದ ವಾಷರ್, ಫಿಲ್ಟರಿನ ರಬ್ಬರ್ ರಿಂಗ್ ಬದಲಿಸುತ್ತಾ ಹೋಗಿ. ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ನೀರು ತೆಗೆಯುವುದನ್ನು ರೂಢಿ ಮಾಡಿಕೊಳ್ಳಿ. ಹೊಲಕ್ಕೆಂದು ಬ್ಯಾರಲಿನಲ್ಲಿ ಇಟ್ಟ ಡೀಸೆಲ್ಲನ್ನೇ ಗಾಡಿಗೂ ಹಾಕುವವರು ಇದನ್ನು ಇನ್ನೂ ಹೆಚ್ಚು ಗಮನಿಸಬೇಕು.

ಇಲಿ ವೈರ್ ಕಡದಿರಬಹುದಾ?

ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಇದನ್ನು ಖಂಡಿತ ನೋಡಬೇಕು. ಭತ್ತದ ಕಟಾವು ಮುಗಿದ ಮೇಲೆ, ರೈಸ್‌ಮಿಲ್ ಅಂಗಳದಲ್ಲಿ ರಾತ್ರಿ ನಿಲ್ಲಿಸುವ ಗಾಡಿಗಳಲ್ಲಿ ಇಂಜೆಕ್ಟರ್ ವೈರು, ಸೆನ್ಸರ್ ವೈರು ಅರ್ಧ ಕಡಿದಿರುತ್ತವೆ. ಪೂರ್ತಿ ಕಡಿದರೆ ತಕ್ಷಣ ಗೊತ್ತಾಗುತ್ತದೆ. ಎರಡು ಎಳೆ ಉಳಿದರೆ ಆಗಾಗ ಬಂದ್ ಬೀಳುವ ಕಾಟ. ಟಾರ್ಚ್ ಹಿಡಿದು ಎಂಜಿನ್ನಿನ ಹಿಂಬದಿ ನೋಡಿ. ಹಿಕ್ಕೆ, ಹುಲ್ಲು, ಭತ್ತದ ಹೊಟ್ಟು ಕಂಡರೆ ಆ ಜಾಗದ ವೈರಿಂಗ್ ಟೇಪ್ ಬಿಚ್ಚಿಸಿ ನೋಡಲೇಬೇಕು.

ಸ್ಕ್ಯಾನರ್ ಹಚ್ಚಿದ್ರು, ಏನೂ ತೋರಿಸಲಿಲ್ಲ. ಅಂದ್ರ ಏನೂ ಇಲ್ಲಂತ ತಿಳೀಬೇಕಾ?

ಇಲ್ಲ. ಸ್ಕ್ಯಾನರ್ ಓದುವುದು ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡುಗಳನ್ನು. ಆ ಕಂಪ್ಯೂಟರ್ ನೋಡುವುದು ತನಗೆ ಜೋಡಿಸಿದ ಸೆನ್ಸರುಗಳನ್ನು ಮಾತ್ರ. ಕಂಪ್ಯೂಟರಿಗೇ ಕರೆಂಟ್ ತಪ್ಪಿದರೆ ಅದು ಏನನ್ನು ಬರೆದುಕೊಂಡೀತು? ಟ್ಯಾಂಕಿನ ಮುಚ್ಚಳ, ಕಟ್ಟಿದ ಫಿಲ್ಟರ್ ಹಳೆಯ ಗಾಡಿಯ ಸ್ಕ್ಯಾನರಿನಲ್ಲಿ ಕಾಣುವುದಿಲ್ಲ. ಬ್ಯಾಟರಿ ಬಿಚ್ಚಿ ಹಾಕಿದರೆ ಹಲವು ಹಳೆಯ ಗಾಡಿಗಳಲ್ಲಿ ಇದ್ದ ಕೋಡೂ ಅಳಿಸಿಹೋಗುತ್ತದೆ. ಆದ್ದರಿಂದ ಕೋಡ್ ಓದಿಸಿದ ಮೇಲೆಯೇ ಟರ್ಮಿನಲ್ ಬಿಚ್ಚಿ.

ಮಳಿಗಾಲದಾಗ ಮಾತ್ರ ಆದ್ರ?

ಡಿಸ್ಟ್ರಿಬ್ಯೂಟರ್ (ಒಂದೊಂದು ಪ್ಲಗ್ಗಿಗೂ ಕರೆಂಟ್ ಹಂಚುವ ಭಾಗ) ಕ್ಯಾಪ್ ಮತ್ತು ಪ್ಲಗ್ ವೈರುಗಳನ್ನು ನೋಡಿ. ರಾತ್ರಿ ಕತ್ತಲಲ್ಲಿ ಬಾನೆಟ್ ತೆರೆದು ಎಂಜಿನ್ ಓಡಿಸಿ, ವೈರಿನ ಮೇಲೆ ಸ್ಪ್ರೇ ಬಾಟಲಿಯಿಂದ ಸಣ್ಣಗೆ ನೀರು ಹಾಕಿ. ನೀಲಿ ಗೆರೆ ಮಿಂಚಿದ ಕಡೆ ವೈರು ಬಿರಿದಿದೆ. ಸೆಟ್ ಪೂರ್ತಿ ಬದಲಿಸಿ.

ಟೆಂಪರೇಚರ್ ಮುಳ್ಳು ಕೆಂಪಿಗೆ ಹೋಗಿ ನಿಂತ್ರ?

ಮತ್ತೆ ಚಾಲೂ ಮಾಡಬೇಡಿ, ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳವನ್ನೂ ತೆರೆಯಬೇಡಿ. ಅದು ಬೇರೆಯೇ ಕಾಯಿಲೆ, ಟೋ ಮಾಡಿಸಿ.

ರಿಪೇರಿ ಆಗ್ಯದ ಅಂತ ಹ್ಯಾಂಗ ನಂಬೋದ್ರಿ?

ಗ್ಯಾರೇಜಿನ ಸುತ್ತ ಒಂದು ರೌಂಡ್ ಹೊಡೆದು ನಂಬಬೇಡಿ. ಯಾವ ಸ್ಥಿತಿಯಲ್ಲಿ ನಿಲ್ಲುತ್ತಿತ್ತೋ ಅದೇ ಸ್ಥಿತಿ ತನ್ನಿ: ಅದೇ ಮಧ್ಯಾಹ್ನದ ಬಿಸಿಲು, ಅಷ್ಟೇ ಜನ, ಎಸಿ ಆನ್, ಅದೇ ರಸ್ತೆ. ಬದಲಿಸಿದ ಪಾರ್ಟನ್ನು ಮಿಸ್ತ್ರಿಯಿಂದ ವಾಪಸ್ ಪಡೆದು, ಮೇಲೆ ತಾರೀಖು ಬರೆದು ಮನೆಯಲ್ಲಿ ಇಡಿ. ದೋಷ ಮತ್ತೆ ಬಂದರೆ ಆ ಪಾರ್ಟ್ ಕೆಟ್ಟಿರಲಿಲ್ಲ ಎಂದು ಗೊತ್ತಾಗುತ್ತದೆ, ಅದನ್ನೇ ಸ್ಪೇರ್ ಆಗಿ ಇಟ್ಟುಕೊಳ್ಳಬಹುದು. ಒಂದು ಸಲಕ್ಕೆ ಒಂದೇ ಪಾರ್ಟ್ ಬದಲಿಸಿ. ನಾಲ್ಕನ್ನು ಒಟ್ಟಿಗೆ ಹಾಕಿದರೆ ಯಾವುದು ಕೆಟ್ಟಿತ್ತೆಂದು ಯಾರಿಗೂ ತಿಳಿಯುವುದಿಲ್ಲ. ಅಲ್ಲಿಯ ತನಕ ರಾತ್ರಿ ಹೆದ್ದಾರಿಗೆ, ಆಸ್ಪತ್ರೆಯಂಥ ತುರ್ತಿಗೆ ಆ ಗಾಡಿ ತೆಗೆಯಬೇಡಿ.